ಎಮ್ಮೆ ಹಾಲು ಹಿಡಿಯದ ಬೈಟು

ನಮ್ಮೂರಿನ ಹೆಸರು ಹೇಳುವುದಿಲ್ಲ. ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಸಿಗುವ ಊರುಗಳಲ್ಲಿ ಒಂದು ಎಂದರೆ ಸಾಕು. ಹೆಸರು ಹೇಳಿದೆನೋ, ಬೆಳಿಗ್ಗೆ ಏಳುವಷ್ಟರಲ್ಲಿ ನನ್ನ ಸ್ಕೂಟರಿನ ಎರಡೂ ಚಕ್ರದ ಗಾಳಿ ಹೋಗಿರುತ್ತದೆ. ಅಷ್ಟು ಒಳ್ಳೆಯ ಜನ.

ಬೈಂದೂರಿನಿಂದ ಬ್ರಹ್ಮಾವರದ ತನಕ ಹಾಲಿನ ಡೈರಿಗಳ ಯಂತ್ರ ರಿಪೇರಿ ಮಾಡುವುದು ನನ್ನ ಕೆಲಸ. ತೂಕದ ಯಂತ್ರ, ಹಾಲಿನ ಫ್ಯಾಟ್ ಅಳೆಯುವ ಯಂತ್ರ, ಅದಕ್ಕೆ ಜೋಡಿಸಿದ ಕಂಪ್ಯೂಟರ್, ಅದರೊಳಗಿನ ತಂತ್ರಾಂಶ, ಎಲ್ಲವೂ. ಡಿಪ್ಲೊಮಾ ಮುಗಿಸಿ ಇಂಥ ಯಂತ್ರ ತಯಾರಿಸುವ ಒಂದು ಕಡೆ ಕೆಲವು ವರ್ಷ ಇದ್ದೆ. ಅಲ್ಲಿನ ಯಜಮಾನನ ಜೊತೆ ಜಗಳ ಮಾಡಿಕೊಂಡು ಊರಿಗೆ ಬಂದೆ. ನನ್ನ ಬಾಯಿ ಜೋರು, ಅದನ್ನು ನಾನೇ ಹೇಳಿಬಿಡುತ್ತೇನೆ. ಊರಿನವರು ನನ್ನನ್ನು ಎದುರಿಗೆ ಮಿಶಿನಕ್ಕ ಎನ್ನುತ್ತಾರೆ, ಹಿಂದಿನಿಂದ ಬೇರೆ ಏನೋ ಎನ್ನುತ್ತಾರೆ. ಮದುವೆಯಾಗದ, ದನ ಸಾಕದ, ಪ್ಯಾಂಟು ಹಾಕಿ ಸ್ಕೂಟರ್ ಬಿಡುವ ಹೆಂಗಸಿಗೆ ಎರಡು ಹೆಸರಾದರೂ ಬೇಡವೇ?

ಮೂರು ತಾಲೂಕಿನ ಡೈರಿಯವರು ನನ್ನನ್ನು ಕರೆಯುತ್ತಾರೆ, ನಮ್ಮೂರಿನವರು ಮಾತ್ರ ಕರೆಯುವುದಿಲ್ಲ. ನಮ್ಮ ಡೈರಿಯ ಅಧ್ಯಕ್ಷರು ಮುಂಬೈಯಲ್ಲಿ ಹೋಟೆಲು ನಡೆಸಿ, ಅದನ್ನು ಮಗನ ಕೈಗೆ ಕೊಟ್ಟು, ಊರಿಗೆ ಬಂದು ದೊಡ್ಡ ಮನುಷ್ಯರಾದವರು. ಹೊರಗಿನಿಂದ ಬಂದದ್ದೆಲ್ಲ ಒಳ್ಳೆಯದು ಎಂಬುದು ಅವರ ಸಿದ್ಧಾಂತ. ಡೈರಿಯ ಹಳೆಯ ಕಂಪ್ಯೂಟರು ಸಿಡಿಲಿಗೆ ಸುಟ್ಟು ಹೋದಾಗ, ಊರಿನಲ್ಲೇ ಇರುವ ನನ್ನನ್ನು ಬಿಟ್ಟು, ತಮ್ಮ ಭಾವನ ಪರಿಚಯದ ಯಾರನ್ನೋ ಹಿಡಿದು ಹೊಸದನ್ನು ತರಿಸಿದರು. ಇಸ್ತ್ರಿ ಹಾಕಿದ ಅಂಗಿಯವನೊಬ್ಬ ಬಂದ. ಕಾರ್ಯದರ್ಶಿಗೆ ಹೊಸ ತಂತ್ರಾಂಶ ಕಲಿಯಲು ಸೋಮಾರಿತನ, ಆದ್ದರಿಂದ ಹಳೆಯದನ್ನೇ ಹೊಸ ಕಂಪ್ಯೂಟರಿಗೆ ಹಾಕಿಸಿಕೊಂಡ. ಅಂಗಿಯವನು ಚಾ ಕುಡಿದು, "ಎಲ್ಲ ಓಕೆ" ಎಂದು ಹೋದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಇನ್ನು ನನ್ನ ಬೇಲಿಯಾಚೆಯ ಮನೆಯ ವಿಷಯ. ಅಲ್ಲಿ ಇದ್ದದ್ದು ಅತ್ತೆ, ಸೊಸೆ ಮತ್ತು ಒಂದು ಎಮ್ಮೆ. ಸೊಸೆಯ ಗಂಡ ಮುಂಬೈಯಲ್ಲಿ ಯಾರದೋ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ, ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಾನೆ. ಎಮ್ಮೆ ಸೊಸೆಯ ತವರಿನದು. ಬೈಂದೂರಿನ ಆಚೆ ಗುಡ್ಡದ ಬುಡದಲ್ಲಿ ಅವಳ ತವರು. ಮದುವೆಯಾದ ಹೊಸತರಲ್ಲಿ ಅವಳ ಅಪ್ಪಯ್ಯ ಕರುವನ್ನು ಟೆಂಪೋದಲ್ಲಿ ಹಾಕಿ ಕಳಿಸಿದ್ದರು, ಆಮೇಲೆ ಅವರು ಹೆಚ್ಚು ಕಾಲ ಬದುಕಲಿಲ್ಲ. ಊರಲ್ಲಿ ಉಳಿದವರದೆಲ್ಲ ಜರ್ಸಿ ದನ. ಕರೆಯುವ ಎಮ್ಮೆ ಇದ್ದದ್ದು ಅದೊಂದೇ. ಆ ಹಾಲಿನಲ್ಲಿ ಚಾ ಮಾಡಿದರೆ ಆರುವ ಮೊದಲೇ ಮೇಲೆ ಕೆನೆ ಕಟ್ಟುತ್ತಿತ್ತು. ನನಗೆ ದಿನಾ ಒಂದು ಲೋಟ ಬೇಲಿಯ ಮೇಲಿಂದ ಬರುತ್ತಿತ್ತು, ಅದಕ್ಕೇ ಗೊತ್ತು.

ಹಾಲು ಮನೆಯಿಂದ ಹೊರಗೆ ಹೋಗುವ ಮೊದಲು ಅದಕ್ಕೆ ಬೆರಳ ತುದಿಯಿಂದ ಒಂದು ಹನಿ ನೀರು ಬಿಡುವ ಕ್ರಮ ನಮ್ಮೂರಿನ ಎಷ್ಟೋ ಮನೆಗಳಲ್ಲಿದೆ. ಬರೀ ಹಾಲು ಹೊಸ್ತಿಲು ದಾಟಿದರೆ ಕೆಚ್ಚಲಿಗೆ ದೃಷ್ಟಿ ತಾಗುತ್ತದೆ ಎಂದು ನಂಬಿಕೆ. ಸೊಸೆ ಕ್ಯಾನು ಎತ್ತಿದ ಕೂಡಲೇ ಅತ್ತೆ ಜಗಲಿಯಿಂದ ಕೇಳುತ್ತಿದ್ದಳು.

"ಹನಿ ಬಿಟ್ಯಾ?"

"ಬಿಟ್ಟೆ ಅತ್ತೆ."

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಾನು ಹಲ್ಲುಜ್ಜುತ್ತಾ ಕೇಳಿಸಿಕೊಂಡ ಮಾತು. ಆ ಹುಡುಗಿ ಬಿಡದೆ ಬಿಟ್ಟೆ ಎನ್ನುವವಳೇ ಅಲ್ಲ. ಒಮ್ಮೆ ಹನಿ ಮರೆತು ಡೈರಿಯ ದಾರಿಯಲ್ಲಿ ಅರ್ಧ ಹೋದವಳು, ಕ್ಯಾನು ಹೊತ್ತು ವಾಪಸು ಬಂದು ಬಿಟ್ಟು ಹೋದದ್ದನ್ನು ಕಂಡಿದ್ದೇನೆ. ಇಷ್ಟು ನಿಜ ಇಟ್ಟುಕೊಂಡು ನಮ್ಮೂರಿನಲ್ಲಿ ಹೇಗೆ ಬಾಳುತ್ತಾಳಪ್ಪ ಎಂದು ನನಗೆ ಆಗಲೇ ಅನ್ನಿಸಿತ್ತು.

ಡೈರಿಯಲ್ಲಿ ಕಾರ್ಯದರ್ಶಿ ಕಿಟಕಿಯ ಆಚೆ ಕೂತು ಎಲ್ಲರ ಫ್ಯಾಟನ್ನೂ ಗಟ್ಟಿಯಾಗಿ ಓದುತ್ತಾನೆ. ಯಾರೂ ಕೇಳಿದ್ದಲ್ಲ, ಅವನಿಗೆ ಅದೊಂದು ಖುಷಿ. "ಮೂರ್ ಆರ್." "ಮೂರ್ ಎಂಟ್." ಅಂದರೆ ಮೂರು ಪಾಯಿಂಟ್ ಆರು, ಮೂರು ಪಾಯಿಂಟ್ ಎಂಟು; ಹಾಲಿನ ದರ ಸಿಗುವುದು ಅದರ ಮೇಲೆ. ಸಾಲಿನಲ್ಲಿರುವ ಹೆಂಗಸರು ಒಬ್ಬರ ಅಂಕೆಯನ್ನು ಇನ್ನೊಬ್ಬರು ಕೇಳಿಸಿಕೊಂಡು ಒಳಗೊಳಗೆ ಲೆಕ್ಕ ಹಾಕುತ್ತಾರೆ. ಹೊಸ ಕಂಪ್ಯೂಟರು ಬಂದ ಬೆಳಿಗ್ಗೆ ನಾನು ಒಂದು ಲೀಟರ್ ಹಾಲಿಗೆ ಅಂತ ಅಲ್ಲೇ ನಿಂತಿದ್ದೆ. ಎಮ್ಮೆ ಹಾಲಿನ ಸರದಿ ಬಂತು.

"ಒಂದ್ ಎರಡ್," ಎಂದ ಕಾರ್ಯದರ್ಶಿ. ಕನ್ನಡಕ ಸರಿ ಮಾಡಿಕೊಂಡು ಇನ್ನೊಮ್ಮೆ ನೋಡಿದ. "ಹೌದ್. ಒಂದ್ ಎರಡ್."

ಒಂದು ಚಿಲ್ಲರೆ ಫ್ಯಾಟ್ ಎಂದರೆ ಹಾಲಲ್ಲ, ಪಾತ್ರೆ ತೊಳೆದ ನೀರು. ಫ್ಯಾಟ್ ತಪ್ಪಿದರೆ ಅದರ ಮೇಲೆ ಲೆಕ್ಕ ಹಾಕುವ ಉಳಿದ ಅಂಕೆಗಳೂ ನೆಲ ಕಚ್ಚುತ್ತವೆ. ಪರದೆಯಲ್ಲಿ ಎಲ್ಲವೂ ಕೆಂಪಗಾಗಿತ್ತು.

"ಎಂತ ಮಾರಾಯ್ತಿ," ಎಂದಳು ಹಿಂದೆ ನಿಂತಿದ್ದವಳು. "ಎಮ್ಮೆ ಕರ್ದದ್ದಾ, ಬಾವಿ ಕರ್ದದ್ದಾ?"

ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು, ಯಂತ್ರ ತಪ್ಪಿತು, ಸಂಜೆ ಸರಿಯಾಗುತ್ತದೆ ಎಂದುಕೊಂಡು. ಸಂಜೆಯೂ ಅದೇ ಬಂತು. ಮರುದಿನವೂ ಅದೇ. ಆಮೇಲೆ ಅವಳು ನಗುವುದು ಬಿಟ್ಟಳು, ಉಳಿದವರು ಬಿಡಲಿಲ್ಲ. ಅವಳು ಸಾಲಿಗೆ ಬಂದರೆ ಸಾಕು, "ಬಾವಿ ಬಂತ್, ಬಾವಿ ಬಂತ್" ಎಂದು ದಾರಿ ಬಿಡುವ ನಾಟಕ. ಒಳ್ಳೆ ಸಂಸಾರಸ್ಥ ಹೆಂಗಸರು, ಹಣೆ ತುಂಬ ಕುಂಕುಮ.

ನಾನು ಕಿಟಕಿಗೆ ಹೋದೆ.

"ಹ್ವಾಯ್, ಆ ಡಬ್ಬಿ ಒಂಚೂರ್ ನಾ ಬಿಚ್ಚಿ ಕಾಂತೆ."

"ಬ್ಯಾಡ ಮಿಶಿನಕ್ಕ. ನೀ ಮುಟ್ರೆ ವಾರಂಟಿ ಹೋತ್ತ್," ಎಂದ ಕಾರ್ಯದರ್ಶಿ.

"ಹಾಂಗಾರೆ ಲ್ಯಾಕ್ಟೋಮೀಟರ್ ಹಾಕಿ ಕಾಣ್."

"ಅದ್ ಒಡ್ದ್ ಹೋಯಿ ಎಷ್ಟ್ ಕಾಲ ಆಯ್ತ್. ಅಲ್ಲ ಮಾರಾಯ್ತಿ, ಇಷ್ಟ್ ಜನ್ರ್ ಹಾಲ್ ಸಮ ಬತ್ತ್, ಇವ್ಳ್ದ್ ಒಂದೇ ಎಂತಕೆ ಹೀಂಗ್? ಮಿಶಿನಿಗೆ ಇವ್ಳ್ ಮೇಲೆ ದ್ವೇಷವಾ?"

ಅದು ಒಳ್ಳೆಯ ಪ್ರಶ್ನೆ. ಅವನ ಜನ್ಮದಲ್ಲಿ ಅವನು ಕೇಳಿದ ಒಂದೇ ಒಳ್ಳೆಯ ಪ್ರಶ್ನೆ. ಉತ್ತರ ಆ ಡಬ್ಬಿಯ ಒಳಗಿತ್ತು, ಡಬ್ಬಿಗೆ ಅವನು ಬೀಗ ಹಾಕಿದ್ದ.

ಮರುದಿನ ನನ್ನದೇ ಲ್ಯಾಕ್ಟೋಮೀಟರ್ ತಂದೆ. ಗಾಜಿನ ಕಡ್ಡಿ ಅದು. ಹಾಲು ಗಟ್ಟಿಯಿದ್ದರೆ ಎದ್ದು ತೇಲುತ್ತದೆ, ನೀರು ಸೇರಿದ್ದರೆ ಮುಳುಗುತ್ತದೆ. ಸೊಸೆ ಕರೆಯುವುದನ್ನು ಕಣ್ಣಾರೆ ಕಂಡು, ಅವಳ ಹಿಂದೆಯೇ ನಡೆದು, ಸಾಲಿನ ಎದುರು ಕಡ್ಡಿ ಇಳಿಸಿದೆ. ಚೆನ್ನಾಗಿ ತೇಲಿತು. "ಕಾಣಿ, ಕಣ್ಣ್ ಬಿಟ್ಟ್ ಕಾಣಿ," ಎಂದೆ.

"ಇವತ್ತ್ ನೀರ್ ಹಾಕ್ಲಿಲ್ಲ ಕಾಂತ್," ಎಂದಳು ಬಾವಿಯ ತಮಾಷೆಯವಳು. "ಮಿಶಿನಕ್ಕ ಹಿಂದೇ ಇತ್ತಲೆ."

ಅದೇ ಹಾಲು ಕಿಟಕಿಯ ಒಳಗೆ ಹೋಯಿತು. ಒಂದು ಎರಡು. ಆಗ ನನ್ನ ಕಡ್ಡಿಯೇ ಸುಳ್ಳಾಯಿತು. "ಕಡ್ಡಿ ದೊಡ್ಡದಾ, ಕಂಪ್ಯೂಟರ್ ದೊಡ್ಡದಾ?" ಎಂದು ಕಾರ್ಯದರ್ಶಿ ಎಲ್ಲರನ್ನೂ ಕೇಳಿದ. ಎಲ್ಲರೂ ಕಂಪ್ಯೂಟರ್ ಎಂದರು. ನನಗೆ ಆ ಕಡ್ಡಿಯನ್ನು ಅವನ ಮೂಗಿಗೆ ತುರುಕುವ ಮನಸ್ಸಾಗಿತ್ತು, ಗಾಜಿನದು ಎಂದು ಬಿಟ್ಟೆ.

ಆ ರಾದ್ಧಾಂತ ಮನೆಯೊಳಗೂ ಹೊಕ್ಕಿತು. ಅತ್ತೆ ಮಗನಿಗೆ ಫೋನು ಹಚ್ಚಿ, ಊರಿಗೆಲ್ಲ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು. ಬೇಲಿಯ ಈಚೆ ನನಗೂ ಕೇಳಿತು. "ಹಾಕಿದ್ರೆ ಹಾಕಿದೆ ಅಂದ್ ಮುಗ್ಸ್ ಮಾರಾಯ್ತಿ. ನಂಗಿಲ್ಲ್ ನೂರ್ ಕೆಲ್ಸ ಇತ್ತ್," ಎಂದ ಆ ಗಂಡ. ಹಾಕಿದ್ದೀಯಾ ಎಂದು ಕೂಡ ಕೇಳಲಿಲ್ಲ. ಸೊಸೆ ಏನೋ ಹೇಳಲು ಹೋದಳು, ಅಷ್ಟರಲ್ಲಿ ಫೋನು ಇಟ್ಟಾಗಿತ್ತು.

ಕಡೆಗೆ ಅಧ್ಯಕ್ಷರು ನ್ಯಾಯ ಮಾಡಲು ಬಂದರು. ತಾವು ಧರ್ಮಕ್ಕೆ ನಡೆಯುವವರು, ಯಾರ ಮೇಲೂ ಸುಮ್ಮನೆ ಅಪವಾದ ಹೊರಿಸುವವರಲ್ಲ ಎಂದು ಶುರು ಮಾಡಿದರು. "ದೈವದ ಮನಿ ಎದ್ರ್ ಕಾಯಿ ಹಿಡ್ಕಂಡ್ 'ಹಾಲಿಗೆ ನೀರ್ ಹಾಕ್ಲಿಲ್ಲ' ಅಂದ್ ಬಿಡ್. ಮತ್ತೆ ಯಾರೂ ಒಂದ್ ಮಾತ್ ಆಡುಕಿಲ್ಲ. ನಾನೇ ನೋಡ್ಕಂತೆ," ಎಂದರು.

ನಿಜ ಹೇಳುತ್ತೇನೆ, ನನಗೆ ಆಗ ಸಮಾಧಾನವೇ ಆಯಿತು. ಇಷ್ಟು ಸುಲಭದಲ್ಲಿ ಮುಗಿಯುತ್ತದಲ್ಲ ಎಂದುಕೊಂಡೆ. ಅಲ್ಲಿ ನೆರೆದವರಲ್ಲಿ ಯಾರಾದರೂ ಆಗಿದ್ದರೆ, ಅರ್ಧ ಕೊಡಪಾನ ಸುರಿದು ಬಂದಿದ್ದರೂ, ಕಣ್ಣು ಮಿಟುಕಿಸದೆ ಆಣೆ ಹಾಕಿ ಮನೆಗೆ ಹೋಗಿ ಊಟ ಮಾಡುತ್ತಿದ್ದರು.

ಅವಳು ಮಿಂದು, ಒದ್ದೆ ತಲೆಯಲ್ಲಿ, ಕಾಯಿ ಹಿಡಿದು ದೈವದ ಮನೆಯ ಅಂಗಳದಲ್ಲಿ ನಿಂತಳು. ಡೈರಿಯ ಸಾಲು ಪೂರ್ತಿ ಅಲ್ಲೇ ಇತ್ತು. ಅತ್ತೆ ಮುಂದೆಯೇ ನಿಂತಿದ್ದಳು. ಹುಡುಗಿ ಬಾಯಿ ತೆರೆದಳು. "ಹಾಲಿಗೆ..." ಎಂದು ಅಲ್ಲಿಗೇ ನಿಂತಳು.

ನನಗೆ ಆ ಕ್ಷಣ ಗೊತ್ತಾಯಿತು. ಹೇಳಿ ಬಿಡು ಮಾರಾಯ್ತಿ, ಹೇಳಿ ಬಿಡು ಎಂದು ನಾನು ಹಲ್ಲು ಕಚ್ಚಿ ನಿಂತೆ.

"ಒಂದ್ ಹನಿ ಹಾಕ್ತೆ," ಎಂದಳು. "ದೃಷ್ಟಿಗೆ. ಬೆರಳಂಗೆ. ಒಂದೇ ಹನಿ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗಂಡಸರ ಕಡೆಯಿಂದ ನಗು ಶುರುವಾಯಿತು. "ಒಂದ್ ಹನಿಯಾ, ಒಂದ್ ಕೊಡ್ಪಾನವಾ?" ಎಂದ ಒಬ್ಬ. ಅವಳು ಅತ್ತೆಯ ಕಡೆ ತಿರುಗಿದಳು. ದಿನಕ್ಕೆರಡು ಸಲ "ಹನಿ ಬಿಟ್ಯಾ" ಎಂದು ಕೇಳಿದ ಆ ಬಾಯಿ ಒಂದು ಮಾತು ಆಡಿದ್ದರೆ ಸಾಕಿತ್ತು, ನಾನೇ ಹೇಳಿಕೊಟ್ಟದ್ದು ಎಂದಿದ್ದರೆ ಸಾಕಿತ್ತು. ಅತ್ತೆ ತನ್ನ ಕಾಲಬೆರಳು ನೋಡುತ್ತಾ ನಿಂತಳು. ಆ ಹೆಂಗಸನ್ನು ನಾನು ಸಾಯುವ ತನಕ ಕ್ಷಮಿಸುವುದಿಲ್ಲ.

ನಾನು ಕಿರುಚಿದೆ. "ನಿಮ್ಮನಿಯಂಗೆ ಹನಿ ಬಿಡುದಿಲ್ಯಾ? ನಿಮ್ಮನಿಯಂಗೆ? ನೀವ್ ಬಿಡುದಿಲ್ಯಾ?" ಎಂದು ಒಬ್ಬೊಬ್ಬರಿಗೂ ಬೆರಳು ತೋರಿಸಿ ಕೇಳಿದೆ. ಎಲ್ಲರೂ ಬಿಡುವವರೇ. ಬಾವಿಯ ತಮಾಷೆಯವಳಂತೂ ಹನಿಯ ಜೊತೆ ಗರಿಕೆಯನ್ನೂ ಹಾಕುವವಳು. ಒಬ್ಬರೂ ಬಾಯಿ ಬಿಡಲಿಲ್ಲ.

"ನಿಂಗ್ ದನ ಇಲ್ಲ, ಕರು ಇಲ್ಲ. ನೀ ಸುಮ್ನಿರ್," ಎಂದಳು ಆ ಗರಿಕೆಯವಳು.

ಅಧ್ಯಕ್ಷರು ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ದೈವದ ಎದ್ರೇ ಒಪ್ಕಂಡ್ಳ್. ಇನ್ನೆಂತ ಬೇಕ್?"

ಅಲ್ಲಿಗೆ ಮುಗಿಯಿತು. ಡೈರಿಯ ಕಿಟಕಿ ಅವಳಿಗೆ ಮುಚ್ಚಿತು. ಅತ್ತೆ ಆ ವಾರವೇ ಅವಳ ಅಣ್ಣನನ್ನು ಕರೆಸಿ, ನಮ್ಮನೆ ಮರ್ಯಾದೆ ತೆಗೆದವಳು ಇಲ್ಲಿ ಬೇಡ ಎಂದು ರಿಕ್ಷಾ ಹತ್ತಿಸಿದಳು. ಹುಡುಗಿ ಬಟ್ಟೆಯ ಚೀಲ ರಿಕ್ಷಾದಲ್ಲಿಟ್ಟು, ಹಟ್ಟಿಯ ಕಡೆ ನೋಡಿ, "ಎಮ್ಮೆ ಅಪ್ಪಯ್ಯ ಕೊಟ್ಟದ್ದ್ ಅತ್ತೆ," ಎಂದಳು. "ಇಷ್ಟ್ ದಿನ ಅದ್ಕ್ ಹುಲ್ಲ್ ಯಾರ್ ಮನೀದ್?" ಎಂದಳು ಅತ್ತೆ. ಅಣ್ಣ ತಲೆ ತಗ್ಗಿಸಿ ಕೂತಿದ್ದ. ತಂಗಿಯ ಮೇಲೆ ಅವನಿಗೂ ನಂಬಿಕೆ ಇದ್ದ ಹಾಗೆ ಕಾಣಲಿಲ್ಲ.

ಎಮ್ಮೆಗೆ ಮಾತ್ರ ಮಾನ ಮರ್ಯಾದೆ ಇತ್ತು. ಅತ್ತೆ ಕರೆಯಲು ಕೂತರೆ ಸೊರೆ ಬಿಟ್ಟು ಹಾಲು ಇಳಿಸಲಿಲ್ಲ, ಚೆಂಬು ಒದೆಯಿತು, ಒಮ್ಮೆ ಅವಳನ್ನೂ ಒದೆಯಿತು. ನಾನು ಬೇಲಿಯ ಈಚೆ ನಿಂತು ನೋಡಿ ನಕ್ಕೆ, ನಾಚಿಕೆಯಿಲ್ಲದೆ ನಕ್ಕೆ. ಬೇಸತ್ತ ಅತ್ತೆ ಅದನ್ನು ಮಾರಿಬಿಟ್ಟಳು. ಕೊಂಡವರು ಯಾರೆಂದರೆ ಅಧ್ಯಕ್ಷರು. ಊಟಕ್ಕೆ ಎಮ್ಮೆಯ ಗಡ್ಡೆ ಮೊಸರೇ ಆಗಬೇಕು ಎಂಬ ಮುಂಬೈ ಚಾಳಿ ಅವರಿಗೆ. ಅವರ ಹಟ್ಟಿಯ ಆಳು ಹಳಬ, ಹೇಗೋ ಸಮಾಧಾನ ಮಾಡಿ ಕರೆದ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದು ಡೈರಿಗೆ ಹೋಯಿತು.

ಆ ಬೆಳಿಗ್ಗೆ ನಾನು ಸಾಲಿನಲ್ಲಿದ್ದದ್ದು ನನ್ನ ಪುಣ್ಯ. ಆಳು ಕ್ಯಾನು ಸುರಿದ. ಯಂತ್ರ ಗುಂಯ್ ಎಂದಿತು. ಕಾರ್ಯದರ್ಶಿ ಪರದೆ ನೋಡಿದ, ಬಾಯಿ ತೆರೆದ, ಹಾಗೇ ಮುಚ್ಚಿದ. ನನಗೆ ತಿಳಿದ ಮಟ್ಟಿಗೆ ಅವನು ಫ್ಯಾಟನ್ನು ಓದದೇ ಇದ್ದದ್ದು ಅದೇ ಮೊದಲು. ಎದ್ದು ಕಿಟಕಿ ಎಳೆದುಕೊಂಡ. "ಮಿಶಿನ್ ಹಾಳಾಯ್ತ್. ಎಲ್ರೂ ಸಂಜೆ ಬನಿ," ಎಂದ.

ಎಷ್ಟು ಬೇಗ ಹಾಳಾಯಿತು ನೋಡಿ! ಆ ಹುಡುಗಿಯ ಹಾಲಿಗೆ ದಿನಗಟ್ಟಲೆ ಸರಿಯಿದ್ದ ಯಂತ್ರ ಅಧ್ಯಕ್ಷರ ಹಾಲು ಮುಟ್ಟಿದ ಕೂಡಲೇ ಹಾಳಾಯಿತು.

ಇಸ್ತ್ರಿ ಅಂಗಿಯವನು ಫೋನು ಎತ್ತಲಿಲ್ಲವಂತೆ. ಮಧ್ಯಾಹ್ನ ಅಧ್ಯಕ್ಷರು ಸ್ವತಃ ನನ್ನ ಅಂಗಳಕ್ಕೆ ಬಂದರು. ಕೂರಿ ಎನ್ನಲಿಲ್ಲ ನಾನು.

"ಮಿಶಿನ್ ಒಂಚೂರ್ ಕಾಣ್ಕಲೆ ಮಿಶಿನಕ್ಕ."

"ನೀರ್ ಎಷ್ಟ್ ಹಾಕಿದ್ರಿ?"

ಅವರ ಮುಖ ಕೆಂಪಾಯಿತು. "ತಮಾಷಿ ಬ್ಯಾಡ."

"ತಮಾಷಿ ಅಲ್ಲ. ದೈವದ ಮನಿಗ್ ಹೋಪನಾ? ಕಾಯಿ ನಾ ತತ್ತೆ. ಅಲ್ಲ, ನಾ ಮುಟ್ರೆ ವಾರಂಟಿ ಹೋತ್ತ್ ಅಲ್ದಾ?"

ಅವರನ್ನು ಬಿಸಿಲಿನಲ್ಲಿ ಚೆನ್ನಾಗಿ ನಿಲ್ಲಿಸಿದೆ. ಆಮೇಲೆ ಚೀಲ ಎತ್ತಿಕೊಂಡು ಹೋದೆ. ಅವರ ಮೇಲಿನ ಕನಿಕರಕ್ಕಲ್ಲ. ಆ ಡಬ್ಬಿಯ ಒಳಗೆ ಏನಿದೆ ಎಂದು ನೋಡದೆ ನನಗೆ ಅನ್ನ ಸೇರುತ್ತಿರಲಿಲ್ಲ.

ನೋಡಿದರೆ, ಎಷ್ಟು ಸಣ್ಣ ವಿಷಯ! ಕಂಪ್ಯೂಟರಿನೊಳಗೆ, ಎಲ್ಲ ತಂತ್ರಾಂಶಗಳ ಬುಡದಲ್ಲಿ, ಕರ್ನೆಲ್ ಎಂಬುದಿರುತ್ತದೆ. ಹೊರಗಿನ ಯಂತ್ರದ ಜೊತೆ ನೇರ ಮಾತಾಡುವುದು ಅದು. ಫ್ಯಾಟ್ ಯಂತ್ರ ಕೊಟ್ಟ ಅಂಕೆಯನ್ನು ಕರ್ನೆಲ್ ತೆಗೆದುಕೊಂಡು ಮೇಲಿನ ತಂತ್ರಾಂಶಕ್ಕೆ ದಾಟಿಸುತ್ತದೆ, ಕಾರ್ಯದರ್ಶಿ ಓದುವುದು ಆ ತಂತ್ರಾಂಶ ತೋರಿಸಿದ್ದನ್ನು. ದಾಟಿಸುವಾಗ ಆ ಅಂಕೆಗೆ ಎಷ್ಟು ಅಗಲದ ಜಾಗ ಎಂದು ಇಬ್ಬರಿಗೂ ಒಪ್ಪಂದ ಇರಬೇಕು. ಹಳೆಯ ಕಂಪ್ಯೂಟರಿನಲ್ಲಿ ಇಬ್ಬರೂ ಫ್ಯಾಟಿಗೆ ಒಂದು ಬೈಟ್, ಅಂದರೆ ಅಂಕೆ ಇಡುವ ಒಂದು ಗೂಡು, ಎಂದು ಒಪ್ಪಿದ್ದರು. ಒಂದು ಬೈಟಿನಲ್ಲಿ ಹಿಡಿಯುವುದು ಇನ್ನೂರೈವತ್ತೈದರ ತನಕ. ಒಂದು ಫ್ಯಾಟಿಗೆ ಐವತ್ತರಂತೆ ಎಣಿಸುವ ಆ ಯಂತ್ರದಲ್ಲಿ ಅದು ಐದು ಚಿಲ್ಲರೆ ಫ್ಯಾಟ್. ದನದ ಹಾಲಿಗೆ ಧಾರಾಳ ಸಾಕು. ಎಮ್ಮೆ ಹಾಲು ಅದನ್ನು ಮೀರುತ್ತದೆ, ಆದರೆ ಹಳೆಯ ಕರ್ನೆಲಿಗೆ ಬುದ್ಧಿಯಿತ್ತು. ಮೀರಿದ್ದು ಬಂದರೆ, ಹಿಡಿಯುವಷ್ಟರಲ್ಲಿ ಅತಿ ದೊಡ್ಡ ಅಂಕೆಯನ್ನು ಕೊಟ್ಟು ಸುಮ್ಮನಾಗುತ್ತಿತ್ತು. ಅದಕ್ಕೇ ಆ ಹುಡುಗಿಯ ಹಾಲು ಎಂದೂ ಐದು ಚಿಲ್ಲರೆಯಿಂದ ಮೇಲೆ ಕೆಳಗೆ ಆಗಿದ್ದಿಲ್ಲ. ಅವಳಿಗೆ ಆಗಲೂ ನಷ್ಟವೇ, ಆದರೆ ಹೆಸರು ಉಳಿದಿತ್ತು.

ಹೊಸ ಕರ್ನೆಲ್ ಫ್ಯಾಟಿಗೆ ಎರಡು ಬೈಟ್ ಕೊಡುತ್ತದೆ, ಕೆಳಗಿನದರಲ್ಲಿ ಹಿಡಿಯದೆ ಮಿಕ್ಕದ್ದು ಮೇಲಿನದಕ್ಕೆ ಹೋಗುತ್ತದೆ. ಅದು ಒಳ್ಳೆಯದೇ. ಮೇಲಿನ ಹಳೆಯ ತಂತ್ರಾಂಶಕ್ಕೆ ಮಾತ್ರ ಒಂದೇ ಬೈಟ್ ಗೊತ್ತು. ಇಸ್ತ್ರಿ ಅಂಗಿಯವನು ನಡುವೆ ತಂತ್ರಾಂಶದ ಒಂದು ಸಣ್ಣ ತುಂಡು ಬರೆದು ಇಬ್ಬರನ್ನೂ ಜೋಡಿಸಿದ್ದ. ಆ ತುಂಡು ಕೆಳಗಿನ ಬೈಟನ್ನು ದಾಟಿಸಿ ಮೇಲಿನದನ್ನು ಬಿಸಾಡುತ್ತಿತ್ತು. ದನದ ಹಾಲಿಗೆ ಮೇಲಿನ ಬೈಟ್ ಯಾವಾಗಲೂ ಖಾಲಿ, ಬಿಸಾಡಿದರೂ ಏನೂ ಹೋಗದು. ಎಮ್ಮೆ ಹಾಲು ಮಾತ್ರ, ಹಳೆಯ ಸ್ಕೂಟರಿನ ಕಿಲೋಮೀಟರು ಒಂಬತ್ತೆಲ್ಲ ಮುಗಿದು ಸೊನ್ನೆಯಿಂದ ಶುರುವಾಗುವ ಹಾಗೆ, ಐದು ಚಿಲ್ಲರೆ ದಾಟಿ ಮತ್ತೆ ಬುಡಕ್ಕೆ ಬಂದು ಕೂರುತ್ತಿತ್ತು. ಆರು ಚಿಲ್ಲರೆಯ ಹಾಲು ಒಂದು ಚಿಲ್ಲರೆಯಾಗಿ ಹೊರಗೆ ಬರುತ್ತಿತ್ತು. ಇವಳದ್ದೊಂದೇ ಯಾಕೆ ಹೀಗೆ ಎಂದು ಕಾರ್ಯದರ್ಶಿ ಕೇಳಿದ್ದನಲ್ಲ, ಅದಕ್ಕೆ ಉತ್ತರ ಇದು. ಊರಿನಲ್ಲಿ ಎಲ್ಲರಿಗಿಂತ ದಪ್ಪ ಹಾಲು ಅವಳದ್ದಾಗಿತ್ತು.

ಆ ತುಂಡನ್ನು ಕಿತ್ತು ಬೇರೆ ಬರೆದೆ. ಅಂಕೆಯ ಮೊದಲು ಅದರ ಅಗಲ ಎಷ್ಟೆಂದು ಹೇಳಬೇಕು, ಆಚೆಯವನಿಗೆ ಅಷ್ಟು ಹಿಡಿಯದಿದ್ದರೆ ಸುಳ್ಳು ಅಂಕೆ ತೋರಿಸದೆ ಹಿಡಿಯಲಿಲ್ಲ ಎಂದೇ ತೋರಿಸಬೇಕು, ಹಾಗೆ ಮಾಡಿದೆ. ತಂತ್ರಾಂಶದಲ್ಲೂ ಫ್ಯಾಟಿಗೆ ಎರಡು ಬೈಟ್ ಜಾಗ ಬಿಡಿಸಿದೆ. ಬೇರೆ ಡೈರಿಗಳಲ್ಲಿ ಎಷ್ಟೋ ಸಲ ಮಾಡಿದ ಕೆಲಸ. ಡಬ್ಬಿ ಬಿಚ್ಚಲು ಬಿಟ್ಟಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು. ಅದನ್ನು ನೆನೆಸಿದರೆ ಈಗಲೂ ರಕ್ತ ಕುದಿಯುತ್ತದೆ.

ಬೀಗ ಹಾಕಿ ಮನೆಗೆ ಬರಲಿಲ್ಲ ನಾನು. ಸಂಜೆ ಸಾಲು ಸೇರುವ ತನಕ ಅಲ್ಲೇ ಕೂತೆ. ಎಲ್ಲರೂ ಬಂದ ಮೇಲೆ, ಹಾಲಿಲ್ಲದಿದ್ದರೂ ನೋಡಲೆಂದೇ ಬಂದ ಆ ಅತ್ತೆಯೂ ನಿಂತ ಮೇಲೆ, ತೆಗೆದಿಟ್ಟಿದ್ದ ಹಳೆಯ ತುಂಡನ್ನೇ ಮತ್ತೆ ಸೇರಿಸಿ ಅಧ್ಯಕ್ಷರ ಕ್ಯಾನಿನ ಹಾಲನ್ನು ಅದರಲ್ಲಿ ಓಡಿಸಿದೆ. ಒಂದು ಮೂರು. ಅದೇ ಹಾಲನ್ನು ಹೊಸದರಲ್ಲಿ ಓಡಿಸಿದೆ. ಆರು ನಾಲ್ಕು.

"ಅಧ್ಯಕ್ಷರದ್ದ್ ಆರ್ ನಾಲ್ಕ್!" ಎಂದು ಕಾರ್ಯದರ್ಶಿ ಗಂಟಲು ಹರಿಯುವ ಹಾಗೆ ಓದಿದ. ಅಧ್ಯಕ್ಷರು ನಕ್ಕರು. ಬೆಳಗಿನ ಅಂಕೆಯನ್ನೂ ಅಲ್ಲೇ ತಿದ್ದಿಸಿದರು. ಹೆಂಗಸರು ಹೌದಾ ಹೌದಾ ಎಂದು ಬಾಯಿಗೆ ಕೈ ಇಟ್ಟರು.

"ಇದ್ ಅದೇ ಎಮ್ಮೆ," ಎಂದೆ. "ಹಾಂಗಾರೆ ಆ ಹೆಣ್ಣ್ ನೀರ್ ಹಾಕ್ಲಿಲ್ಲ. ಅದನ್ನೂ ಗಟ್ಟಿ ಓದ್ ಕಾಂಬ."

ಕಾರ್ಯದರ್ಶಿ ಅಧ್ಯಕ್ಷರ ಮುಖ ನೋಡಿದ.

"ಅದ್ ಬೇರೆ ವಿಷ್ಯ ಮಾರಾಯ್ತಿ," ಎಂದರು ಅಧ್ಯಕ್ಷರು. "ಮಿಶಿನ್ ತಪ್ಪಿದ್ದ್ ಹೌದ್, ಇಲ್ಲ ಅಂಬುದಿಲ್ಲ. ಆರೆ ಅವ್ಳೇ ಒಪ್ಕಂಡಿದ್ಲಲೆ, ದೈವದ ಎದ್ರ್."

"ಹೌದ್, ಹೌದ್, ಒಪ್ಕಂಡಿದ್ಲ್," ಎಂದಿತು ಸಾಲು.

ನಾನು ಅತ್ತೆಯ ಎದುರು ಹೋಗಿ ನಿಂತೆ. "ಹನಿ ಬಿಡುಕೆ ಹೇಳ್ಕೊಟ್ಟದ್ದ್ ಯಾರ್? 'ಹನಿ ಬಿಟ್ಯಾ' ಅಂದ್ ದಿನಾ ಕೇಂತಿದ್ದದ್ದ್ ಯಾರ್? ಈಗಾರೂ ಬಾಯಿ ಬಿಡಿ."

"ನಾನಾ? ನಂಗ್ ನೆಂಪಿಲ್ಲಪ್ಪ," ಎಂದಳು. ಆಮೇಲೆ ಅಧ್ಯಕ್ಷರ ಕ್ಯಾನಿನ ಕಡೆ ನೋಡಿದಳು, ಮುಖ ಸಣ್ಣದಾಯಿತು. "ಆರ್ ನಾಲ್ಕಾ? ಇಷ್ಟ್ ಒಳ್ಳೆ ಎಮ್ಮೆ ಅಂದ್ ಗೊತ್ತಿದ್ರೆ ಕೊಡ್ತಿರ್ಲಿಲ್ಲೆ." ಅವಳ ಕಣ್ಣಲ್ಲಿ ನೀರು ಬಂತು. ಎಮ್ಮೆಗಾಗಿ.

ನಿಮ್ಮ ಕೆಚ್ಚಲೆಲ್ಲ ಬತ್ತಿ ಹೋಗಲಿ ಎಂದು ಶಾಪ ಹಾಕಿ ಹೊರಟೆ. ಅಷ್ಟಕ್ಕೆ ಮಾತ್ರ ಇಡೀ ಸಾಲು ಹೌಹಾರಿತು. ಒಂದು ಹೆಣ್ಣಿನ ಬಾಳು ಹಾಳು ಮಾಡಿದ್ದು ಅವರಿಗೆ ತಾಗಲಿಲ್ಲ, ನನ್ನ ಶಾಪ ತಾಗಿತು. ಆ ರಾತ್ರಿಯೇ ಮನೆಮನೆಯಲ್ಲಿ ದೃಷ್ಟಿ ತೆಗೆದರಂತೆ. ನನಗೆ ಊರಿನಲ್ಲಿ ಮೂರನೆಯ ಹೆಸರು ಬಂದದ್ದು ಆಗಲೇ.

ಆಮೇಲೆ ಬೈಂದೂರಿನ ಕಡೆ ಒಂದು ಡೈರಿಯಿಂದ ಕರೆ ಬಂದಾಗ, ಕೆಲಸ ಮುಗಿಸಿ ಅವಳ ತವರಿಗೆ ಹೋದೆ. ಗಂಡ ಕರೆಸಿಕೊಂಡಿರಲಿಲ್ಲ. ಫೋನೂ ಮಾಡಿರಲಿಲ್ಲ. ಅಣ್ಣನ ದನ ನೋಡಿಕೊಂಡು, ಅತ್ತಿಗೆಯ ಮಾತು ಕೇಳಿಕೊಂಡು ಇದ್ದಳು. ಹಾಲು ಡೈರಿಗೆ ಕೊಡದೆ ರಸ್ತೆ ಬದಿಯ ಚಾ ಹೋಟೆಲಿಗೆ ಕೊಡುತ್ತಿದ್ದರು. ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬೈಟಿನ ವಿಷಯ, ಅಂಗಿಯವನ ತುಂಡಿನ ವಿಷಯ, ಆರು ನಾಲ್ಕರ ವಿಷಯ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೇಳಿದಳು, ತಲೆ ಎತ್ತಲಿಲ್ಲ.

"ಅತ್ತೆ ಎಂತ ಹೇಳ್ರ್?" ಎಂದಳು ಕಡೆಗೆ. ಕೇಳಿದ್ದು ಅದೊಂದೇ.

ಸುಳ್ಳು ಹೇಳಬಹುದಿತ್ತು. ಇವಳ ಎದುರು ಬಾಯಿ ಬರಲಿಲ್ಲ. "ನೆಂಪಿಲ್ಲ ಅಂದ್ರ್," ಎಂದೆ.

"ಹೌದಾ," ಎಂದು ಮೊರ ಒಳಗಿಟ್ಟು ಹಟ್ಟಿಗೆ ಹೋದಳು.

ಕರೆದು ತಂದು ಹಾಲನ್ನು ಉದ್ದದ ಪಾತ್ರೆಗೆ ಬಗ್ಗಿಸಿದಳು. ಕೈ ತನ್ನಷ್ಟಕ್ಕೇ ನೀರಿನ ಚೆಂಬಿಗೆ ಹೋಯಿತು. ಬೆರಳು ಒದ್ದೆಯಾದ ಮೇಲೆ ಅವಳಿಗೆ ಗೊತ್ತಾಯಿತು. ಹಾಗೇ ತೆಗೆದು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಗೋಡೆಯ ಗೂಡಿನಿಂದ ಬಟ್ಟೆ ಸುತ್ತಿದ್ದ ಏನನ್ನೋ ತೆಗೆದಳು. ಲ್ಯಾಕ್ಟೋಮೀಟರ್. ಅಣ್ಣನ ಹತ್ತಿರ ಕುಂದಾಪುರದಿಂದ ತರಿಸಿದ್ದಂತೆ. ಹಾಲಿಗೆ ಇಳಿಸಿ, ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಖದ ಹತ್ತಿರ ಹಿಡಿದಳು.

"ಕಾಣಿ ಅಕ್ಕ."

"ನಾ ಕೇಂಡ್ನಾ ನಿನ್ನ?" ಎಂದೆ. "ನಂಗ್ ಎಂತಕೆ ತೋರ್ಸುದ್?"

"ಹಾಲ್ ಹೆರ್ಗ್ ಹೋಪ ಮೊದ್ಲ್ ಯಾರಿಗಾರೂ ಒಬ್ರಿಗೆ ತೋರ್ಸ್ತೆ. ಇವತ್ತ್ ನೀವ್ ಇದ್ರಿ ಅಲೆ."

ನೋಡುವುದಿಲ್ಲ ಎಂದೆ. ಬೈದೆ. ಅವಳು ಪಾತ್ರೆ ಇಳಿಸಲಿಲ್ಲ, ಹಾಗೇ ಹಿಡಿದು ನಿಂತಳು. ಕಡೆಗೆ ಬಗ್ಗಿ ನೋಡಿದೆ. "ಸಮ ಇತ್ತ್," ಎಂದೆ. ಆಮೇಲೆ ಅವಳು ಪಾತ್ರೆ ಕೆಳಗಿಟ್ಟು, ನನಗೆ ಚಾ ಮಾಡಲು ಒಳಗೆ ಹೋದಳು.